ಕಾಲೂರದೆ ಏರಿದ ಘಾಟು

ಎಳ್ಳಮಾಸಿಯ ದಿನ. ಬಿಸಿಲು ಇನ್ನೂ ನೆತ್ತಿಗೆ ಬಂದಿರಲಿಲ್ಲ. ನನ್ನ ನೆರಳು ನನಗಿಂತ ತುಸು ಕುಳ್ಳಗೆ, ಬಲಕ್ಕೆ ಬಿದ್ದಿತ್ತು. ಜಾಗ, ಸುರಪುರದ ಘಾಟಿನ ಕೊನೆಯ ತಿರುವು. ಎಡಕ್ಕೆ ಕಡಿದ ಬಂಡೆ, ಬಲಕ್ಕೆ ಎಲೆ ಉದುರಿದ ಸೀತಾಫಲದ ಗಿಡಗಳ ಇಳಿಜಾರು, ಮುಂದೆ ಒಂದು ಟ್ರ್ಯಾಕ್ಟರ್ ಮತ್ತು ಅದರ ಟ್ರಾಲಿ. ಆ ಟ್ರಾಲಿಯ ಹಿಂಬದಿಯ ಹಲಗೆಗೆ ಎರಡು ಮಾರು ಹಿಂದೆ ನಾನು ನಿಂತಿದ್ದೆ.

‘ನಿಂತಿದ್ದೆ’ ಎಂದು ಬರೆದದ್ದು ತಪ್ಪು. ನಿಂತಿರಲಿಲ್ಲ. ಎರಡೂ ಕಾಲು ಪೆಡಲಿನ ಮೇಲಿದ್ದವು, ಸೈಕಲ್ಲು ಚಲಿಸುತ್ತಿತ್ತು. ಪಕ್ಕದಲ್ಲಿ ಹೋಗುವ ಇರುವೆ ಕಂಡಿದ್ದರೆ ನಗುತ್ತಿತ್ತು, ಅಂಥ ವೇಗ. ಆದರೂ ಚಲಿಸುತ್ತಿತ್ತು. ಈ ಒಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಅವತ್ತಿನ ವ್ಯಾಜ್ಯವೆಲ್ಲ ಇದ್ದದ್ದು ಅದರ ಮೇಲೆಯೇ.

ಇದೆಲ್ಲ ಇವತ್ತು ನೆನಪಾದದ್ದು ಒಂದು ಬಾಗಿಲಿನ ದೆಸೆಯಿಂದ. ನಮ್ಮ ಮಾಳಿಗೆ ಕೋಣೆಯ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದೆಂದು ಅದರ ಬುಡಕ್ಕೆ ಹಳೆಯ ಸೈಕಲ್ ಪೆಡಲೊಂದನ್ನು ಇಟ್ಟಿದ್ದೇನೆ. ಬೆಳಿಗ್ಗೆ ಬರಿಗಾಲಿನಲ್ಲಿ ಅದನ್ನು ಎಡವಿದೆ. ಹೆಬ್ಬೆರಳು ಹಿಡಿದುಕೊಂಡು ಒಂಟಿಕಾಲಿನಲ್ಲಿ ಕುಣಿಯುವಾಗ ಮನುಷ್ಯನಿಗೆ ಹಳೆಯದೆಲ್ಲ ಬೇಗ ನೆನಪಾಗುತ್ತದೆ. ನಿಮಗೂ ಅನುಭವ ಇರಬಹುದು.

ನಾನು ಯಾದಗಿರಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ಮಕ್ಕಳಿಗೆ ನೌಕರಿಯುದ್ದಕ್ಕೂ ಹೇಳಿದ್ದು ಒಂದೇ ಮಾತು: ಕಂಡದ್ದನ್ನು ಬರೆಯಿರಿ, ಗೊತ್ತಿದ್ದದ್ದನ್ನಲ್ಲ. ಕಿಟಕಿಯಾಚೆಯ ಮಾವಿನ ಮರ ಬರೆಯಿರಿ ಎಂದರೆ ಇಡೀ ವರ್ಗ ಕೆಂಪು ಹಣ್ಣು ತೂಗಿಬಿಡುತ್ತಿತ್ತು. ಹೊರಗಿನ ಮರದಲ್ಲಿ ಆಗ ಹೂವೂ ಇರುತ್ತಿರಲಿಲ್ಲ. ಶಿರವಾಳದ ಹಳೆಯ ಗುಡಿಗಳ ಮುಂದೆ ಕೂಡಿಸಿದರೆ ಮುರಿದ ಕಂಬವನ್ನೂ ಪೂರ್ತಿ ಮಾಡಿ ಬರೆದುಕೊಟ್ಟು, ‘ಚಂದ ಕಾಣ್ಲಿ ಅಂತ ರಿಪೇರಿ ಮಾಡೇನ್ರಿ ಸರ್’ ಅನ್ನುತ್ತಿದ್ದರು. ಮಕ್ಕಳ ಈ ಧಾರಾಳವನ್ನು ತಿದ್ದುತ್ತ ತಿದ್ದುತ್ತ ನಾನು ಜಿಪುಣನಾದೆ. ಇಲ್ಲದ್ದನ್ನು ಒಂದು ಗೆರೆಯಷ್ಟೂ ಸೇರಿಸಲು ನನ್ನಿಂದ ಆಗುವುದಿಲ್ಲ. ನನ್ನ ಹೆಂಡತಿ ನೀಲಮ್ಮ ಇದನ್ನು ಗುಣ ಎಂದು ಒಪ್ಪುವುದಿಲ್ಲ, ರೋಗ ಅನ್ನುತ್ತಾಳೆ.

ನಿವೃತ್ತಿಯಾದ ವರ್ಷ ಮೆಟ್ಟಿಲಿನಿಂದ ಜಾರಿ ಬಲ ಮೊಣಕಾಲಿನ ಚಿಪ್ಪು ಒಡೆದುಕೊಂಡೆ. ತಂತಿ ಹಾಕಿ ಹೊಲಿದರು. ನಡೆಯಲು ಬಂತು, ಆಮೇಲೆ ಹಗುರವಾಗಿ ಸೈಕಲ್ಲಿಗೂ ಡಾಕ್ಟರು ಹೂಂ ಅಂದರು. ‘ಹಗುರ’ ಎಂದರೆ ಎಷ್ಟು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ದೇವಾಪುರದಲ್ಲಿ ನನ್ನ ಹೆಂಡತಿಯ ಅಣ್ಣನ ಹೊಲವಿದೆ. ಪ್ರತಿವರ್ಷ ಎಳ್ಳಮಾಸಿಯ ಊಟ ಅಲ್ಲಿಯೇ. ಆ ವರ್ಷ ನೀವೆಲ್ಲ ಟಂಟಂ ಆಟೋದಲ್ಲಿ ಬನ್ನಿ, ನಾನು ಒಬ್ಬನೇ ಸೈಕಲ್ಲಿನ ಮೇಲೆ ಶಹಾಪುರ, ಸುರಪುರ ದಾಟಿ ಬರುತ್ತೇನೆ ಎಂದೆ. ನೀಲಮ್ಮ ಕಡಬಿಗೆ ಹಿಟ್ಟು ನಾದುತ್ತಿದ್ದವಳು ನಾದುವುದನ್ನು ನಿಲ್ಲಿಸಲಿಲ್ಲ.

“ನಡುವ ಗುಡ್ಡ ಅದಾವ, ಗೊತ್ತದನಾ?”

“ಅದಾವಂತ್ಲೇ ಹೊಂಟೀನಿ.”

“ಮೊಣಕಾಲಾಗ ತಂತಿ ಅದ, ಅದು ಗೊತ್ತದನಾ?”

“ಸೈಕಲ್ಲಿನ ಗಾಲ್ಯಾಗೂ ತಂತಿ ಅದಾವ. ಅದು ಓಡ್ತದಿಲ್ಲೋ?”

ಅವಳು ಆಗ ಕೈ ತೊಳೆದುಕೊಂಡು ಬಂದು ನನ್ನ ಮುಂದೆ ಕೂತಳು. “ನೋಡ್ರಿ, ದಿನಾ ಹೇಳಿ ಹೇಳಿ ನನ್ನ ಬಾಯಿ ಬತ್ತೇದ. ಒಂದು ಮಾತು ಮಾಡ್ಕೊಳೂನು. ಸುರಪುರ ಘಾಟನ್ಯಾಗ ಎಲ್ಲ್ಯಾರ ಒಂದು ಕಾಲು ನೆಲಕ್ಕ ಊರಿದ್ರಿ ಅಂದ್ರ ಮೊಣಕಾಲು ಸೋತದ ಅಂತ ಅರ್ಥ. ಆ ಸೈಕಲ್ ಮನಿ ಬಿಡಬೇಕು. ಊರಲಿಲ್ಲ ಅಂದ್ರ ಸಾಯೂತನಕ ಹೊಡೀರಿ, ನಾ ಬಾಯಿ ತೆಗ್ಯಂಗಿಲ್ಲ.”

“ಊರಿದ್ನೋ ಇಲ್ಲೋ ನಿನಗ ಹೆಂಗ ತಿಳೀತದ?”

“ನಿಮಗೇ ಕೇಳ್ತೀನಿ. ಸುಳ್ಳು ಹೇಳಾಕ ನಿಮಗ ಎಲ್ಲಿ ಬರ್ತದ?”

ಹೀಗೆ ನನ್ನ ರೋಗವನ್ನೇ ಜಾಮೀನಿಟ್ಟು ಒಪ್ಪಂದವಾಯಿತು. ನಿಮಗೆ ಇದು ತಮಾಷೆ ಅನ್ನಿಸಬಹುದು. ಆ ಕರಿ ಸೈಕಲ್ಲು ನನ್ನ ಮೊದಲ ನೌಕರಿಯ ಸೈಕಲ್ಲು. ಅದರಾಚೆ ನನಗೆ ಉಳಿಯುತ್ತಿದ್ದದ್ದು ಕಟ್ಟೆ, ಪೇಪರು, ಮಧ್ಯಾಹ್ನದ ನಿದ್ದೆ.

ಘಾಟಿನಲ್ಲಿ ಸೈಕಲ್ ಇಳಿಯದಿರುವುದು ನನ್ನ ಮಟ್ಟಿಗೆ ಕಾಲಿನ ಪ್ರಶ್ನೆ ಮಾತ್ರ ಆಗಿರಲಿಲ್ಲ, ಸಂಸ್ಕಾರದ ಪ್ರಶ್ನೆಯೂ ಆಗಿತ್ತು. ನಮ್ಮಪ್ಪ ಏರು ಕಂಡಲ್ಲೆಲ್ಲ ಇಳಿಯುತ್ತಿದ್ದ. “ಗಾಡಿಗೂ ಜೀವ ಇರ್ತದ” ಅನ್ನುತ್ತಿದ್ದ. ಕ್ಯಾರಿಯರ್ ಮೇಲೆ ನನ್ನನ್ನು ಕೂಡಿಸಿ ತಾನು ಹ್ಯಾಂಡಲ್ ಹಿಡಿದು ನಡೆಯುವನು. ಏರೇ ಇಲ್ಲದ ಸಪಾಟು ರಸ್ತೆಯಲ್ಲೂ ಹಿರಿಯರು ಯಾರಾದರೂ ಎದುರಾದರೆ ಇಳಿಯಬೇಕು. ಸೈಕಲ್ ಮೇಲೆ ಕೂತೇ ಹಿರಿಯರನ್ನು ಮಾತಾಡಿಸುವುದೆಂದರೆ ಚಪ್ಪಲಿ ಹಾಕಿಕೊಂಡು ದೇವರಮನೆಗೆ ಹೋದ ಹಾಗೆ. ಸ್ಟೇಷನ್ನಿನಿಂದ ಗಾಂಧಿ ಚೌಕಕ್ಕೆ ಬರುವುದರೊಳಗೆ ಅಪ್ಪ ಇಳಿದು ಹತ್ತಿ, ಇಳಿದು ಹತ್ತಿ, ನಡೆದೇ ಬಂದಿದ್ದರೆ ಬೇಗ ಮುಟ್ಟುತ್ತಿದ್ದ. ನಾನು ಬಾಡಿಗೆ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು ಕಲಿಯುವಾಗ ಮೊದಲು ಅಭ್ಯಾಸವಾದದ್ದು ಹತ್ತುವುದಲ್ಲ, ಮಾಸ್ತರರನ್ನು ದೂರದಲ್ಲೇ ಕಂಡು ಇಳಿಯುವುದು. ಎಷ್ಟೋ ಸಲ ಇಳಿಯುವುದೂ ಬೀಳುವುದೂ ಒಟ್ಟಿಗೇ ಆಗುತ್ತಿದ್ದರಿಂದ ಮಾಸ್ತರರಿಗೆ ನನ್ನ ವಿನಯದ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಅವತ್ತು ನಸುಕಿನಲ್ಲೇ ಹೊರಟೆ. ಭೀಮಾ ನದಿಯ ಸೇತುವೆಯ ಮೇಲೆ ಗಾಳಿ ಎಂಥ ತಂಪೆಂದರೆ ಹ್ಯಾಂಡಲ್ ಹಿಡಿದ ಬೆರಳು ನನ್ನವೋ ಅಲ್ಲವೋ ಎಂದು ನೋಡಿ ಖಾತ್ರಿ ಮಾಡಿಕೊಳ್ಳಬೇಕಾಯಿತು. ನದಿಯ ಮೇಲೆ ಹೊಗೆಯಂತೆ ಮಂಜು. ಸೇತುವೆ ದಾಟಿ ಇಳಿಜಾರು ಸಿಕ್ಕಾಗ ಪೆಡಲು ಬಿಟ್ಟು ಎರಡೂ ಕಾಲು ಅಗಲಿಸಿದೆ. ಯಾರೂ ನೋಡಲಿಲ್ಲ, ನೋಡಿದ್ದರೂ ಅಗಲಿಸುತ್ತಿದ್ದೆ. ಎರಡೂ ಕಡೆ ಕಪ್ಪು ಎರೆಹೊಲ, ಹಾಲು ತುಂಬಿದ ಜೋಳ, ಬಿಳಿ ಬಿಟ್ಟ ಹತ್ತಿ. ಹಬ್ಬದ ದಿನ ರಸ್ತೆ ಖಾಲಿ ಇರುತ್ತದೆಂದು ಲೆಕ್ಕ ಹಾಕಿ ಆ ದಿನವನ್ನೇ ಆರಿಸಿದ್ದೆ. ಲೆಕ್ಕ ಸರಿಯಿತ್ತು, ರಸ್ತೆ ಖಾಲಿಯೇ ಇತ್ತು. ಆದರೆ ಜನ ಹೊಲದಲ್ಲಿದ್ದರು. ಎಳ್ಳಮಾಸಿಯ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣುತ್ತದೆ. ದಾರಿಯಲ್ಲಿ ಹೋಗುವವನನ್ನು ಉಣಿಸದೆ ಬಿಟ್ಟರೆ ಆ ಹಬ್ಬ ಮಾಡಿದ್ದೇ ಸುಳ್ಳು. ಅದನ್ನು ಮಾತ್ರ ಲೆಕ್ಕದಲ್ಲಿ ಹಿಡಿದಿರಲಿಲ್ಲ.

ದೋರನಹಳ್ಳಿಯ ಹತ್ತಿರ ಮೊದಲ ಕೂಗು ಬಂತು. “ಏ ಮಾಸ್ತರ, ಹಂಗ್ಯಾಕ ಹೊಂಟೀರಿ? ಬರ್ರಿಲ್ಲಿ.” ನಾನು ಮಾಸ್ತರ ಎಂದು ಅವನಿಗೆ ಹೇಗೆ ಗೊತ್ತಾಯಿತೋ. ಪ್ಯಾಂಟಿನ ಅಂಚಿಗೆ ಕ್ಲಿಪ್ಪು ಹಾಕಿಕೊಂಡು ಸೈಕಲ್ ಹೊಡೆಯುವವನು ಇನ್ನೇನಾಗಿರಲು ಸಾಧ್ಯ? ಹೊತ್ತು ಇನ್ನೂ ಏರಿಲ್ಲ ಎಂದರೂ ಕೇಳದೆ ಸಜ್ಜಿ ರೊಟ್ಟಿ, ಕಾಳು-ಕಾಯಿಪಲ್ಲೆ ಕುದಿಸಿದ ಭಜ್ಜಿ, ಮೇಲೊಂದು ಚರಿಗೆ ಅಂಬಲಿ. ಅಲ್ಲಿಂದ ಮುಂದೆ ಮತ್ತೊಂದು ಹೊಲ, ಮತ್ತೊಂದು ರೊಟ್ಟಿ. “ಬಸ್ ತಪ್ಪೇದೇನ್ರಿ? ಮನ್ಯಾಗ ಜಗಳ ಆಗ್ಯಾದೇನ್ರಿ? ನಮ್ಮ ಗಾಡಿ ಅದ, ಸೈಕಲ್ ಮ್ಯಾಲ ಹಾಕಿ ಬಿಟ್ಟು ಬರ್ತೀವಿ.” ಒಬ್ಬ ಮನುಷ್ಯ ತನ್ನ ಖುಷಿಗೆ ಗುಡ್ಡ ಹತ್ತಲು ಹೋಗುತ್ತಾನೆ ಎಂಬುದನ್ನು ನಮ್ಮ ಭಾಗದಲ್ಲಿ ನಂಬಿಸುವುದು ಗುಡ್ಡ ಹತ್ತುವುದಕ್ಕಿಂತ ಕಷ್ಟ.

ಶಹಾಪುರದ ಗುಡ್ಡದ ಮೇಲೆ ಬಂಡೆಗಳಲ್ಲೇ ಮೂಡಿದ ಬುದ್ಧ ಎಂದಿನಂತೆ ಅಂಗಾತ ಮಲಗಿದ್ದ. ಹೊಟ್ಟೆ ತುಂಬಿದವನಿಗೆ ಆ ಭಂಗಿ ಎಷ್ಟು ಸರಿ ಎಂದು ಅವತ್ತು ಅರ್ಥವಾಯಿತು. ಊರು ದಾಟಿದ ಮೇಲೆ ಗುಡ್ಡಗಳ ನಡುವಿನ ಮೊದಲ ಏರು. ಮೊಣಕಾಲು ಒಳಗೊಳಗೇ ಕಿರ್ರ್ ಎಂದಿತು, ಆಮೇಲೆ ಸುಮ್ಮನಾಯಿತು. ನೆತ್ತಿ ಮುಟ್ಟಿದಾಗ ಎದುರಿನ ಗಾಳಿ ಅಂಗಿಯೊಳಗೆ ನುಗ್ಗಿ ಬೆನ್ನಿನ ಕಡೆ ಉಬ್ಬಿತು. ಇಳಿಜಾರಿನಲ್ಲಿ ಕಣ್ಣಲ್ಲಿ ನೀರು, ಕಿವಿಯಲ್ಲಿ ಸುಂಯ್ ಎಂಬ ಸದ್ದು, ಎರಡೂ ಬದಿ ಆನೆಯಂಥ ಬಂಡೆಗಳು ಓಡುತ್ತ ಹಿಂದೆ ಹೋದವು. ಹಿಮಾಲಯದಲ್ಲಿ ಸೈಕಲ್ ಹೊಡೆಯುವವರು ನಮ್ಮ ಗುಡ್ಡ ನೋಡಿದರೆ ಚಹಾ ಕುಡಿಯುತ್ತಲೇ ದಾಟಿಯಾರು. ಇರಲಿ. ನನ್ನ ಮೀನಖಂಡಕ್ಕೆ ಹಿಮಾಲಯ ಗೊತ್ತಿಲ್ಲ. ಅಂದು ಆ ಇಳಿಜಾರಿನಲ್ಲಿ ನಾನು ಬಾಯಿ ಬಿಟ್ಟು ಹಾಡಿದೆ. ಯಾವ ಹಾಡು ಎಂಬುದು ಹಾಡುವಾಗಲೂ ಗೊತ್ತಿರಲಿಲ್ಲ.

ಇನ್ನು ಸುರಪುರದ ಘಾಟು. ಒಪ್ಪಂದ ಇದ್ದದ್ದು ಇಲ್ಲಿ. ಬುಡದಲ್ಲಿ ಇಳಿದು ನೀರು ಕುಡಿದು, ಹತ್ತಿ ಕೂತು, ಇನ್ನು ಇಳಿಯುವುದಿಲ್ಲ ಎಂದುಕೊಂಡೆ. ಮೊದಲ ತಿರುವು ದಾಟಿದೆ. ಎರಡನೆಯದರಲ್ಲಿ ಆ ಟ್ರ್ಯಾಕ್ಟರ್ ಸಿಕ್ಕಿತು.

ಟ್ರಾಲಿಯ ತುಂಬ ಹೆಣ್ಣುಮಕ್ಕಳು, ಬುಟ್ಟಿಗಳು, ಬಿಳಿ ಬಟ್ಟೆ ಕಟ್ಟಿದ ಅಂಬಲಿ ಗಡಿಗೆಗಳು. ಘಾಟಿನಾಚೆಯ ತಮ್ಮ ಹೊಲಕ್ಕೆ ಹೊರಟವರು. ಅವರ ಹೆಸರುಗಳು ನನಗೆ ಗೊತ್ತಾದದ್ದು ಆಮೇಲೆ. ನಿಮಗೆ ಗೊಂದಲವಾಗದಿರಲೆಂದು ಈಗಲೇ ಹೇಳುತ್ತೇನೆ. ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು ಮೈಬೂಬ. ಹಿಂಬದಿಯ ಹಲಗೆಗೆ ಒರಗಿ ನನ್ನ ಕಡೆಗೇ ಮುಖ ಮಾಡಿ ಕೂತಿದ್ದ ಅಜ್ಜಿ ಗಂಗಮ್ಮಾಯಿ. ಪಕ್ಕದಲ್ಲಿ ಅವಳ ಮೊಮ್ಮಗಳು ರೇಣುಕಾ, ರೇಣುಕಾಳ ಹೆಗಲ ಮೇಲೆ ಗಲ್ಲ ಊರಿದ ಒಂದು ಹೆಣ್ಣುಕೂಸು. ಆಯಿಯ ಮಗ ಭೀಮಣ್ಣ ಟ್ರಾಲಿಯ ಬದಿಯಲ್ಲಿ ನಡೆದು ಬರುತ್ತಿದ್ದ.

ಏರಿನಲ್ಲಿ ತುಂಬಿದ ಟ್ರಾಲಿಯ ವೇಗವೂ ನನ್ನ ವೇಗವೂ ಒಂದೇ. ಹಿಂದಿಕ್ಕಲು ಆಗದು, ಹಿಂದುಳಿದರೆ ಸೈಕಲ್ ನಿಂತುಹೋಗುತ್ತದೆ. ಹೀಗಾಗಿ ನಾವು ಮುಖಕ್ಕೆ ಮುಖ ಕೊಟ್ಟುಕೊಂಡು, ಕಟ್ಟೆಯ ಮೇಲೆ ಕೂತವರ ಹಾಗೆ, ಘಾಟು ಹತ್ತತೊಡಗಿದೆವು.

“ಯಾ ಊರಾಂವಪ್ಪ?” ಗಂಗಮ್ಮಾಯಿ ಕೇಳಿದಳು.

“ಯಾದಗಿರ್... ಆಯಿ.”

“ಹಿರ್ಯಾರು ಮಾತಾಡ್ಸಿದ್ರೂ ಸೈಕಲ್ ಇಳ್ಯಂಗಿಲ್ಲಲ ಇವಾ.”

ನನ್ನ ಎಡಗಾಲು, ನಿಜವಾಗಿ ಹೇಳುತ್ತೇನೆ, ಪೆಡಲಿನಿಂದ ಒಂದು ಬೆರಳಷ್ಟು ಎದ್ದಿತು. ಅಪ್ಪ ಎಲ್ಲಿಂದಲೋ ಗದರಿದ ಹಾಗಾಯಿತು. ಕಾಲನ್ನು ಮತ್ತೆ ಒತ್ತಿದೆ.

“ಇಳ್ಯಾಕ... ಬರಂಗಿಲ್ಲ ಆಯಿ. ಮಾತು... ಕೊಟ್ಟೀನಿ.”

“ಹರಕಿ ಹೊತ್ತಾನ ತಗೀ,” ಅಂದಳು ಆಯಿ, ಸಮಾಧಾನದಿಂದ. “ಯಾವ ದೇವರಿಗಪ್ಪ?”

“ಹೆಂಡ್ತಿಗೆ.”

ಇಡೀ ಟ್ರಾಲಿ ನಕ್ಕಿತು. ರೇಣುಕಾ ಸೆರಗು ಬಾಯಿಗೆ ಇಟ್ಟುಕೊಂಡು, “ನಮ್ಮನ್ಯಾವ್ರಿಗೂ ಒಂದೀಟು ಹೇಳಿ ಹೋಗ್ರಿ ಅಣ್ಣಾರ, ಬಾವಿಗೆ ನೀರಿಗೆ ಹೋಗಂದ್ರ ಹೋಗಂಗಿಲ್ಲ ಅವರು” ಅಂದಳು. ಕೂಸು ಮಾತ್ರ ನಗಲಿಲ್ಲ. ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿತ್ತು.

ಆಯಿಯ ಮುಖ ಮೆಲ್ಲಗೆ ಬದಲಾದದ್ದನ್ನು ನಾನು ಕಂಡೆ. “ಹೊಟ್ಟಿಗಿ ಏನರ ತಿಂದೀಯೋ ಇಲ್ಲೋ? ಮಾರಿ ನೋಡ್ರೆವ್ವ, ಹೆಂಗ ಏದಾಕತ್ತಾನ.” ನಾನು ತಿಂದಿದ್ದೇನೆ, ಎರಡು ಹೊಲದಲ್ಲಿ ತಿಂದಿದ್ದೇನೆ ಎನ್ನಬೇಕೆಂದರೆ ಉಸಿರಿರಲಿಲ್ಲ. ತಲೆ ಅಲ್ಲಾಡಿಸಿದೆ. ತಲೆ ಅಲ್ಲಾಡಿಸಿದ್ದನ್ನು ಅವಳು ‘ಇಲ್ಲ’ ಎಂದು ತಿಳಿದಳು. ಅವಳ ತಪ್ಪಲ್ಲ, ಏರಿನಲ್ಲಿ ತಲೆ ಎತ್ತಲಾದರೂ ಅಲ್ಲಾಡುತ್ತದೆ. ಬುಟ್ಟಿಗೆ ಕೈ ಹಾಕಿ ರೊಟ್ಟಿ ತೆಗೆದಳು, ಅದರ ಮೇಲೆ ಭಜ್ಜಿ ಇಟ್ಟಳು, ಹಲಗೆಯ ಆಚೆ ಬಾಗಿ ಚಾಚಿದಳು. ಮುಟ್ಟಲಿಲ್ಲ. ಆಗ ಖಾಲಿ ಕೈಯಿಂದ ಟ್ರಾಲಿಯ ತಗಡನ್ನು ಬಡಿದಳು.

“ಏ ಮೈಬೂಬ, ನಿಂದರ್ಸೋ. ಎಳ್ಳಮಾಸಿ ದಿನ ಹಸದಾಂವ ಹಿಂದ ಬರಾಕತ್ತಾನ, ಒಂದು ತುತ್ತು ಉಂಡು ಹೋಗ್ಲಿ.”

“ಇಲ್ಲಿ ಬ್ಯಾಡ ಆಯಿ, ಏರು ಅದ,” ಎಂದು ಮೈಬೂಬ ಕೂಗಿದ್ದು ಕೇಳಿಸಿತು.

“ನಿಂದರ್ಸಂದ್ರ ನಿಂದರ್ಸೋ. ನಿನಗೂ ಉಣ್ಸೀನಿಲ್ಲೋ?”

ಉಣ್ಣಿಸಿದವಳ ಮಾತು ತೆಗೆದುಹಾಕುವುದು ಹೇಗೆ? ಮೈಬೂಬ ನಿಲ್ಲಿಸಿದ. ಘಾಟಿನ ಅತಿ ಕಡಿದಾದ ತಿರುವಿನಲ್ಲಿ, ಒಬ್ಬ ಹೊಟ್ಟೆ ತುಂಬಿದ ಮನುಷ್ಯನಿಗೆ ರೊಟ್ಟಿ ಕೊಡಲೆಂದು, ಜನ ತುಂಬಿದ ಟ್ರಾಲಿ ನಿಂತಿತು. ಇಂಥ ತಪ್ಪು ಮಾಡುವವರು ನಮ್ಮ ಕಡೆ ಮಾತ್ರ ಇರುತ್ತಾರೆ.

ಇನ್ನು ಮುಂದಿನದನ್ನು ನಿಧಾನವಾಗಿ ಹೇಳಬೇಕು. ನಾನು “ನಿಂದರಬ್ಯಾಡ್ರಿ” ಎಂದೆ. ದನಿ ಎಷ್ಟು ಹೊರಟಿತೋ ತಿಳಿಯದು. ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದೆ, ಟ್ರಾಲಿಯ ಪಕ್ಕದಿಂದ ಹೋಗಿಬಿಡಬೇಕೆಂದು. ಆಗ ಟ್ರಾಲಿಯ ಬಲಗಾಲಿ ನನ್ನ ಎದುರಿಗಿತ್ತು. ಅದರ ಟೈರಿಗೆ ಒಂದು ಹೆಂಟೆ ಕಪ್ಪು ಮಣ್ಣು ಅಂಟಿತ್ತು, ನೆತ್ತಿಯ ಜಾಗದಲ್ಲಿ. ಆ ಮಣ್ಣು ನನ್ನ ಕಡೆಗೆ ಇಳಿಯತೊಡಗಿತು. ಗಾಲಿ ಹಿಂದಕ್ಕೆ ತಿರುಗುತ್ತಿದೆ ಎಂದು ನನಗೆ ಗೊತ್ತಾದದ್ದು ಹಾಗೆ. ಸದ್ದಿರಲಿಲ್ಲ. ಹೆಣ್ಣುಮಕ್ಕಳು ಇನ್ನೂ ನಗುತ್ತಿದ್ದರು. ಆಯಿಯ ಕೈಯಲ್ಲಿ ರೊಟ್ಟಿ ಚಾಚಿದಂತೆಯೇ ಇತ್ತು. ರೇಣುಕಾಳ ಕೈಯಲ್ಲಿ ಹಸಿರು ಬಳೆ, ಒಂದು ಒಡೆದಿತ್ತು. ಬಲಗಡೆ ಇಳಿಜಾರು.

ಇಷ್ಟನ್ನು ಈಗ ಕುಂಚ ಕೊಟ್ಟರೂ ಬರೆದುಕೊಡುತ್ತೇನೆ. ಇದರ ನಂತರದ್ದನ್ನು ಬರೆಯಲಾರೆ. ಅಲ್ಲಿ ನನ್ನ ಬಳಿ ಬಿಳಿ ಹಾಳೆಯಿದೆ.

ಹಾಳೆಯ ಆಚೆ ಹೀಗಿದೆ: ನಾನು ರಸ್ತೆಯ ಅಂಚಿನ ಗರಸಿನಲ್ಲಿ ಕೂತಿದ್ದೇನೆ, ಎರಡೂ ಕಾಲು ಮುಂದಕ್ಕೆ ಎತ್ತಿಕೊಂಡು. ನನ್ನ ಸೈಕಲ್ಲು ಟ್ರಾಲಿಯ ಬಲಗಾಲಿಯ ಕೆಳಗೆ ಮಡಚಿ ಸಿಕ್ಕಿಕೊಂಡಿದೆ, ಗಾಲಿ ಅದರ ಕಬ್ಬಿಣದ ಮೇಲೆ ಅರ್ಧ ಹತ್ತಿ ನಿಂತಿದೆ. ಭೀಮಣ್ಣ ಎಡಗಾಲಿಗೆ ಕಲ್ಲು ತುರುಕುತ್ತಿದ್ದಾನೆ. ಟ್ರಾಲಿಯ ಹಿಂಬದಿ ಇಳಿಜಾರಿನ ಕಡೆ ವಾಲಿದೆ. ಒಂದು ಗಡಿಗೆ ಒಡೆದು ಅಂಬಲಿ ಹಲಗೆಯ ಸಂದಿಯಿಂದ ತೊಟ್ಟಿಕ್ಕುತ್ತಿದೆ. ಯಾರೂ ಕೆಳಗೆ ಬಿದ್ದಿಲ್ಲ.

ಮೊದಲು ಮಾತಾಡಿದವಳು ಗಂಗಮ್ಮಾಯಿ. “ಮಾಸ್ತರ ಎಲ್ಲ್ಯಾನ? ಅದಾನೋ?” ನಾನು ಕೈ ಎತ್ತಿದೆ. ಅವಳನ್ನು ಇಳಿಸಿದರು. ಬಂದು ನನ್ನ ಪಕ್ಕದಲ್ಲಿ ಕೂತು ರೊಟ್ಟಿ ನನ್ನ ಬಾಯಿಗೆ ಹಿಡಿದಳು. ಅವಳು ಒತ್ತಿದಳು, ನಾನು ಕಚ್ಚಿದೆ. ಇಬ್ಬರೂ ಸೇರಿ ಹೇಗೋ ಒಂದು ತುತ್ತು ಒಳಗೆ ಹಾಕಿದೆವು.

ಅಷ್ಟರಲ್ಲಿ ವಾದ ಶುರುವಾಗಿತ್ತು. ರೇಣುಕಾ ಅಂದಳು: “ಎರಡೂ ಕೈಲೆ ಎತ್ತಿ ಗಾಲಿ ಬುಡಕ ಒಗದಾರ. ನಾ ಕಣ್ಣಾರೆ ನೋಡೀನಿ.” ಮೈಬೂಬ ಕನ್ನಡಿಯಲ್ಲಿ ನೋಡಿದ್ದನಂತೆ: “ಒಗದಿಲ್ಲವಾ. ಮಾಸ್ತರ ಜಿಗದಾರ, ಸೈಕಲ್ ಅಲ್ಲೇ ಉಳದದ. ನಾನರ ಅಲ್ಲಿದ್ರ ಜಿಗೀತಿದ್ದಿಲ್ಲೇನು?” ಭೀಮಣ್ಣನನ್ನು ಕೇಳಿದರೆ, “ನಾ ಕಲ್ಲು ನೋಡ್ಲೋ ಇವರನ್ನ ನೋಡ್ಲೋ?” ಅಂದ. ಒಗೆದೆನೋ, ಜಿಗಿದೆನೋ. ಸುರಪುರದಲ್ಲಿ ಈಗ ರೇಣುಕಾಳ ಮಾತೇ ನಡೆಯುತ್ತದೆ. ಚಹಾದಂಗಡಿಯಲ್ಲಿ ನನಗೆ ಎದ್ದು ಜಾಗ ಬಿಡುತ್ತಾರೆ. ನಾನು ಕೂರುತ್ತೇನೆ, ಆದರೆ ಬೆಂಚಿನ ತುದಿಯಲ್ಲಿ.

ನೀಲಮ್ಮನ ಟಂಟಂ ಬಂದದ್ದು ಆಗ. ಅವಳಿಗೆ ಮೊದಲು ಕಂಡದ್ದು ಗಾಲಿಯ ಕೆಳಗಿನ ಸೈಕಲ್ಲು. ಜನರ ನಡುವೆ ಕೂತ ನಾನು ಕಾಣಲಿಲ್ಲ. ಇಳಿದವಳು ಟಂಟಂನ ಸರಳು ಹಿಡಿದೇ ನಿಂತಳು. ಅವಳ ಮುಖದ ಬಣ್ಣವನ್ನು ನಾನು ಹೇಳುವುದಿಲ್ಲ. ಆಮೇಲೆ ಜನ ಸರಿದರು, ನಾನು ಕಂಡೆ. ರೊಟ್ಟಿ ಅಗಿಯುತ್ತಿದ್ದೆ. ಹತ್ತಿರ ಬಂದು ನನ್ನ ಬಲಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ನೋಡಿದಳು. ಏನು ಕೇಳಬೇಕೋ ತಿಳಿಯದೆ ಇದನ್ನೇ ಕೇಳಿದಳು:

“ಕಾಲು ಊರಿದ್ರೇನು?”

ನನಗೆ ಗೊತ್ತಿರಲಿಲ್ಲ. ಉತ್ತರ ಕೊಟ್ಟವಳು ಗಂಗಮ್ಮಾಯಿ.

“ಕಾಲೆಲ್ಲಿ ಊರ್‍ಯಾನವ್ವ, ಕುಂಡಿ ಊರ್‍ಯಾನ. ಕಾಲೆರಡೂ ಮ್ಯಾಲಿದ್ದವು. ನಾ ನೋಡೀನಿ.”

ನೀಲಮ್ಮ ನಕ್ಕಳು. ನಗು ಅರ್ಧಕ್ಕೆ ಅಳುವಾಯಿತು, ಮತ್ತೆ ನಗುವಾಯಿತು. ಅವಳು ಕೊಟ್ಟ ಮಾತು ಉಳಿಸಿಕೊಳ್ಳುವ ಹೆಣ್ಣು. ಸೈಕಲ್ಲಿನಲ್ಲಿ ಇಡಿಯಾಗಿ ಉಳಿದದ್ದು ಒಂದು ಪೆಡಲು ಮಾತ್ರ. ಆದರೂ ಒಪ್ಪಂದದಂತೆ ಬಾಯಿ ತೆಗೆಯಲಿಲ್ಲ. ಯುಗಾದಿಗೆ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಹೊಸದಾಗಿ ಯಾವುದು ಗಟ್ಟಿ ಕಬ್ಬಿಣದ್ದು ಎಂದು ತಾನೇ ವಿಚಾರಿಸಿದಳು. ಆ ಸೈಕಲ್ಲಿನಲ್ಲಿ ಘಾಟು ಮತ್ತೆ ಹತ್ತಿದ್ದೇನೆ. ಟ್ರಾಲಿ ಕಂಡರೆ ಕೆಳಗೇ ನಿಂತು, ಅದು ಕಣ್ಮರೆಯಾದ ಮೇಲೆ ಹೊರಡುತ್ತೇನೆ.

ಗಂಗಮ್ಮಾಯಿ ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ಮಣ್ಣಿಗೆ ಹೋಗಿ ಬಂದೆ. ಅವತ್ತು ಅಲ್ಲಿ ಇದ್ದು ಕಂಡವರಲ್ಲಿ ಈಗ ಇರುವವರು ಇವರು. ಮೈಬೂಬ, ಸುರಪುರದಲ್ಲಿ, ಈಗಲೂ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಜಿಗಿದರು ಅನ್ನುತ್ತಾನೆ. ಭೀಮಣ್ಣ, ಅದೇ ಹೊಲದಲ್ಲಿ. ಕಲ್ಲು ಮಾತ್ರ ನೋಡಿದ್ದಾನೆ. ರೇಣುಕಾ, ಕಕ್ಕೇರಾದ ಗಂಡನ ಮನೆಯಲ್ಲಿ, ಒಗೆದರು ಅನ್ನುತ್ತಾಳೆ. ನಾನು, ಯಾದಗಿರಿಯಲ್ಲಿ. ಇನ್ನೊಬ್ಬಳು ರೇಣುಕಾಳ ಮಗಳು ಗೌರಿ, ಅವತ್ತು ಹೆಗಲ ಮೇಲಿದ್ದ ಕೂಸು. ಎಲ್ಲರೂ ಬೇರೆ ಬೇರೆ ಕಡೆ ನೋಡುತ್ತಿದ್ದಾಗ ಉದ್ದಕ್ಕೂ ನನ್ನ ಕೈಗಳನ್ನೇ ನೋಡುತ್ತಿದ್ದದ್ದು ಅವಳೊಬ್ಬಳೇ; ಆಗ ಅವಳಿಗೆ ಮಾತು ಬರುತ್ತಿರಲಿಲ್ಲ. ಈಗ ಅಂಗನವಾಡಿಗೆ ಹೋಗುತ್ತಾಳೆ.